ಇವತ್ತ ಎಷ್ಟೈತಿ ಥಂಡಿ?

ಫೋನಿನಲ್ಲಿ ನಮ್ಮ ತಾಯಿ-ಮಗಳ ಮಾತು ಶುರುವಾಗುವುದೇ ಇದರಿಂದ. ಊಟ ಆಯ್ತೋ ಇಲ್ಲವೋ, ಕೂಸು ಮಲಗಿತೋ ಇಲ್ಲವೋ, ಎಲ್ಲ ಆಮೇಲೆ.

"ಅವ್ವಾ, ಇವತ್ತ ಎಷ್ಟೈತಿ ನಿಮ್ಮಲ್ಲೆ?"

"ಮೂವತ್ತೆಂಟು. ನಿಮ್ಮಲ್ಲೆ?"

"ಮೂರು. ಮುಂಜಾನಿ ಮತ್ತ ಹಿಮ ಬಿತ್ತು."

ಪಕ್ಕದಲ್ಲಿ ಕೂತ ನಮ್ಮ ಯಜಮಾನರು, "ರೇಡಿಯೋದಾಗ ಹವಾಮಾನ ಓದಿದಂಗ ಓದ್ತೀರಲ್ಲ, ಏನಾರ ಮಾತಾಡ್ರಿ" ಎಂದು ನಗುತ್ತಾರೆ. ನಗುತ್ತಾರೆ ಅಷ್ಟೇ, ಈ ಲೆಕ್ಕ ಎಲ್ಲಿಂದ ಶುರುವಾಯಿತು ಎನ್ನುವುದು ಅವರಿಗೂ ಗೊತ್ತು. ಥಂಡಿಯ ಸಲುವಾಗಿ ನನಗೂ ಮಗಳಿಗೂ ಒಮ್ಮೆ ದೊಡ್ಡ ಜಗಳವಾಗಿತ್ತು. ಅದನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ನನ್ನ ತವರು ಶಿರಹಟ್ಟಿ. ಕೊಟ್ಟ ಮನೆ ಮುಂಡರಗಿ. ಮುಂಡರಗಿ ತಾಲೂಕಿನ ಹಳ್ಳಿಗಳಲ್ಲೇ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದು ನಿವೃತ್ತಳಾದೆ. ಈಗ ನಾವಿಬ್ಬರೂ ಬೆಟಗೇರಿಯಲ್ಲಿದ್ದೇವೆ. ಒಬ್ಬಳೇ ಮಗಳು. ಅವಳನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಿದ್ದೇವೆ ಎಂದು ಹೇಳಿಕೊಳ್ಳುತ್ತೇವಾದರೂ ಅವಳು ಲಕ್ಷ್ಮೇಶ್ವರದಲ್ಲಿ ಸಂಸಾರ ಮಾಡಿದ್ದು ಎರಡೇ ತಿಂಗಳು. ಅಳಿಯಂದಿರು ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವರು. ಆಸ್ಟ್ರಿಯಾ ದೇಶದ ತ್ಸೆಲ್ ಆಮ್ ಜೇ ಎಂಬ ಊರಿನ ಹೋಟೆಲಿನಲ್ಲಿ ಕೆಲಸ. ಮಗಳು ಮನೆಯಲ್ಲೇ ಕೂತು ಕಂಪ್ಯೂಟರಿನ ಕೆಲಸ ಮಾಡುತ್ತಾಳೆ. "ಜೇ" ಅಂದರೆ ಅವರ ಭಾಷೆಯಲ್ಲಿ ಸರೋವರ. ಸರೋವರದ ದಂಡೆಯ ಮೇಲಿನ ಊರು ಅದು. ಸುತ್ತಲೂ ಆಲ್ಪ್ಸ್ ಪರ್ವತ, ನಡುವೆ ನೀರು, ನೀರಿಗೆ ಹತ್ತಿಕೊಂಡು ರೈಲು ಹಳಿ. ಹತ್ತು ಸಾವಿರದ ಆಸುಪಾಸು ಜನ, ನಮ್ಮ ಶಿರಹಟ್ಟಿಗಿಂತಲೂ ಸಣ್ಣದು.

ಮಗಳು ಬಸಿರಾದಾಗ ಇಲ್ಲಿಗೇ ಬಾ ಎಂದೆವು. ಕೆಲಸ, ವಿಮಾನದ ಪ್ರಯಾಣ, ಅಲ್ಲಿನ ದವಾಖಾನೆಯ ವಿಮೆ ಎಂದು ನೂರೆಂಟು ಕಾರಣ ಹೇಳಿದಳು. ಕೊನೆಗೆ ಬಾಣಂತನಕ್ಕೆ ನಾನೇ ಹೊರಡುವುದೆಂದಾಯಿತು. ವೀಸಾ ಕೊಡುವುದು ತೊಂಬತ್ತು ದಿನಕ್ಕೆ ಮಾತ್ರ. ಕಚೇರಿಯ ಆ ಲೆಕ್ಕ ನೋಡಿ ನಗು ಬಂತು. ನಮ್ಮ ಕಡೆ ಬಾಣಂತಿಯನ್ನು ಮೂರು ತಿಂಗಳು ನೋಡಿಕೊಳ್ಳಬೇಕು ಅಂತಾರಲ್ಲ, ಅಲ್ಲಿಗೆ ಸರಿಹೋಯಿತು.

ಪೆಟ್ಟಿಗೆ ತುಂಬಿದ್ದೇ ಒಂದು ದೊಡ್ಡ ಕಥೆ. ಅಂಟಿನ ಉಂಡಿ, ಅಳವಿ, ಬಜೆ, ಅಜವಾನ, ಜೋಳದ ಹಿಟ್ಟು, ನನ್ನ ಹಳೆಯ ಇಳಕಲ್ ಸೀರೆಗಳನ್ನು ಸೇರಿಸಿ ಹೊಲಿಸಿದ ಕೌದಿ. ಲಕ್ಷ್ಮೇಶ್ವರದ ಬೀಗತಿಯವರು ಕೈಯಾರೆ ಹೊಲಿದ ನಾಲ್ಕು ಕುಲಾಯಿ ಕಳಿಸಿದ್ದರು. ನಾನು ಕಬ್ಬಿಣದ ಸಣ್ಣ ಅಗ್ಗಿಷ್ಟಿಗೆಯನ್ನೂ ಸೀರೆಯಲ್ಲಿ ಸುತ್ತಿ ಇಟ್ಟಿದ್ದೆ. ಯಜಮಾನರು ಅದನ್ನು ತೆಗೆದು ಅಟ್ಟದ ಮೇಲೆ ಹಾಕಿದರು. "ವಿಮಾನದಾಗ ಕೆಂಡ ಕೇಳ್ತೀ ಏನು ಮತ್ತ?" ಎಂದರು.

2024ರ ಜನವರಿ 14ಕ್ಕೆ, ಸಂಕ್ರಮಣದ ಹಿಂದಿನ ದಿನ, ಆ ಊರಿನಲ್ಲಿ ಇಳಿದೆ. ಸ್ಟೇಶನ್ನಿನಿಂದ ಹೊರಗೆ ಬಂದು ಮೊದಲ ಉಸಿರು ತೆಗೆದುಕೊಂಡಾಗ ಮೂಗಿನೊಳಗಿನ ಕೂದಲು ಸೆಟೆದು ನಿಂತ ಹಾಗಾಯಿತು. ಔಷಧ ಅಂಗಡಿಯ ಮೇಲೆ ಹಸಿರು ದೀಪದ ಅಕ್ಷರದಲ್ಲಿ ತಾಪಮಾನ ತೋರಿಸುತ್ತಿತ್ತು: ಮೈನಸ್ 9. ಅವತ್ತು ಬೆಳಿಗ್ಗೆ ಬೆಟಗೇರಿಯಲ್ಲಿ 17 ಇತ್ತಂತೆ, ಯಜಮಾನರು ಸ್ವೆಟರ್ ಹಾಕಿಕೊಂಡು ಹಾಲು ತರಲು ಹೋಗಿದ್ದರಂತೆ. ಅವತ್ತಿನಿಂದಲೇ ಲೆಕ್ಕ ಬರೆಯಲು ಶುರುಮಾಡಿದೆ. ಶಾಲೆಯಲ್ಲಿದ್ದಾಗ ದಿನಾ ಕರಿ ಹಲಗೆಯ ಮೂಲೆಯಲ್ಲಿ ತಾರೀಖು, ವಾರ, ಹಾಜರಿ ಬರೆದು, ವರಾಂಡದ ಕಂಬಕ್ಕೆ ಕಟ್ಟಿದ ಉಷ್ಣಮಾಪಕ ನೋಡಿ ಬಾ ಎಂದು ಒಂದು ಹುಡುಗನನ್ನು ಕಳಿಸುತ್ತಿದ್ದೆ. ಆ ಚಟ ಬಿಟ್ಟಿರಲಿಲ್ಲ. ಮಗಳ ಮನೆಯ ಕ್ಯಾಲೆಂಡರಿನ ಒಂದೊಂದು ಚೌಕದಲ್ಲಿ ಎರಡೆರಡು ಅಂಕಿ. ಮೇಲೆ ಅವರ ಊರಿನದು, ಕೆಳಗೆ ನಮ್ಮೂರಿನದು.

ನನಗೆ ಆಶ್ಚರ್ಯವಾದದ್ದು ಬೇರೆ. ಇಷ್ಟು ಥಂಡಿ ಇರಬೇಕಾದರೆ ಊರು ಎಷ್ಟು ಎತ್ತರದಲ್ಲಿರಬೇಕು ಎಂದುಕೊಂಡಿದ್ದೆ. ಅಳಿಯಂದಿರು ಫೋನಿನಲ್ಲಿ ನೋಡಿ ಹೇಳಿದರು: ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್. ನಮ್ಮ ಗದಗ 650ರ ಆಸುಪಾಸು. ಅಂದರೆ ನೂರು ಮೀಟರ್ ಹೆಚ್ಚು ಅಷ್ಟೇ! ಊರಿನ ಸುತ್ತ ಇರುವ ಪರ್ವತಗಳು ಎತ್ತರ, ಊರಲ್ಲ. ಮತ್ತೆ ಈ ಥಂಡಿ ಎಲ್ಲಿಂದ ಬಂತು?

ಮರುದಿನ ಮಧ್ಯಾಹ್ನ ಅಂಗಳದ ಹಿಮದ ಮೇಲೆ ನನ್ನ ನೆರಳು ನೋಡಿ ಗೊತ್ತಾಯಿತು. ಐದಡಿಯ ನನಗೆ ಹನ್ನೆರಡು ಅಡಿಯ ನೆರಳು, ಅದೂ ಹನ್ನೆರಡು ಗಂಟೆಗೆ! ನಮ್ಮಲ್ಲಿ ಸಂಕ್ರಮಣದ ಮಧ್ಯಾಹ್ನ ನನ್ನ ನೆರಳು ನಾಲ್ಕಡಿಯೂ ಇರುವುದಿಲ್ಲ. ಗದಗ ಇರುವುದು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಈ ಊರು 47ರಲ್ಲಿ. ಅಲ್ಲಿ ಚಳಿಗಾಲದ ಸೂರ್ಯ ಗುಡ್ಡದ ಮೇಲೆ ಸ್ವಲ್ಪ ತಲೆ ಎತ್ತಿ, ನೋಡಿದ ಹಾಗೆ ಮಾಡಿ, ಹೊರಟುಹೋಗುತ್ತಾನೆ. ಡಿಸೆಂಬರ್ ಕೊನೆಗೆ ಹಗಲು ಎಂಟೂವರೆ ತಾಸು ಮಾತ್ರ. ಇದ್ದ ಬಿಸಿಲೂ ಓರೆ, ಅದರ ಹೆಚ್ಚಿನ ಪಾಲನ್ನು ಬಿಳಿ ಹಿಮ ತಿರುಗಿಸಿ ಕಳಿಸಿಬಿಡುತ್ತದೆ. ನಮ್ಮಲ್ಲಿ ಎಷ್ಟೇ ಚಳಿಗಾಲವಾದರೂ ಹನ್ನೊಂದು ತಾಸು ಹಗಲು. ಮೇ ಮೊದಲ ವಾರದಲ್ಲಿ ಒಮ್ಮೆ, ಆಗಸ್ಟ್ ಎರಡನೇ ವಾರದಲ್ಲಿ ಒಮ್ಮೆ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ, ನೆರಳು ಕಾಲ ಕೆಳಗೆ ಸೇರಿಕೊಳ್ಳುತ್ತದೆ. ಇದನ್ನು ಎಷ್ಟೋ ವರ್ಷ ಗೋಲ ತಿರುಗಿಸಿ ಮಕ್ಕಳಿಗೆ ಹೇಳಿಕೊಟ್ಟಿದ್ದೆ. ನನ್ನದೇ ನೆರಳು ಅಳೆದು ನೋಡಿದ್ದು ಮಾತ್ರ ಅರವತ್ತು ದಾಟಿದ ಮೇಲೆ.

ಅಲ್ಲಿ ಜನವರಿಯ ಸರಾಸರಿ ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗೆ. ಜುಲೈದು 18ರ ಹತ್ತಿರ. ಅಂದರೆ ಅವರ ಸುಡು ಬೇಸಿಗೆಯ ಸರಾಸರಿ, ನಮ್ಮ ಡಿಸೆಂಬರಿನ ನಸುಕಿನ ಥಂಡಿಗೆ ಹೆಚ್ಚುಕಡಿಮೆ ಸಮ! ನಾವು ಮಫ್ಲರ್ ಸುತ್ತಿಕೊಳ್ಳುವ ಹವೆಯಲ್ಲಿ ಅವರು ಚಡ್ಡಿ ಹಾಕಿಕೊಂಡು ಸರೋವರಕ್ಕೆ ಇಳಿಯುತ್ತಾರೆ. ಇನ್ನೊಂದು ತಮಾಷೆ. ಗುಡ್ಡ ಹತ್ತಿದಷ್ಟೂ ಥಂಡಿ ಹೆಚ್ಚು ಅಂತ ಓದಿದ್ದೇವಲ್ಲ? ಕೆಲವು ದಿನ ಅಲ್ಲಿ ಉಲ್ಟಾ. ಗಾಳಿ ಇಲ್ಲದ ರಾತ್ರಿಗಳಲ್ಲಿ ಥಂಡಿ ಗಾಳಿ ಭಾರವಾಗಿ, ಹರಿಯುವ ನೀರಿನ ಹಾಗೆ ಇಳಿದು ಕೊಳ್ಳದಲ್ಲಿ ನಿಲ್ಲುತ್ತದೆ. ಒಂದು ಬೆಳಿಗ್ಗೆ ಸರೋವರದ ಹತ್ತಿರ ಮಂಜು ಕವಿದು ಮೈನಸ್ 8 ಇತ್ತು. ಅಳಿಯಂದಿರು ನನ್ನನ್ನು ತೂಗುತೊಟ್ಟಿಲಂಥ ಗಾಡಿಯಲ್ಲಿ ಶ್ಮಿಟನ್‌ಹೋಹೆ ಎಂಬ ಗುಡ್ಡದ ಮೇಲೆ ಕರೆದುಕೊಂಡು ಹೋದರು. ಸುಮಾರು ಎರಡು ಸಾವಿರ ಮೀಟರ್ ಎತ್ತರ. ಅಲ್ಲಿ ಬಿಸಿಲೋ ಬಿಸಿಲು, ತಾಪಮಾನ ಸೊನ್ನೆ. ಕೆಳಗೆ ಊರು ಕಾಣದು, ಹತ್ತಿ ಗಿರಣಿಯ ಅಂಗಳದಲ್ಲಿ ಅರಳೆ ಹರಡಿದ ಹಾಗೆ ಮಂಜು.

ಸಂಕ್ರಮಣ ಕಳೆದು ನಾಲ್ಕನೇ ದಿನ ಮಗಳು ಹಡೆದಳು. ಗಂಡು ಕೂಸು. ದವಾಖಾನೆಯಿಂದ ಮನೆಗೆ ಬಂದ ಮರುದಿನ ಸೂಲಗಿತ್ತಿ ಬಂದಳು. ಅಲ್ಲಿ ಈಗಲೂ ಸೂಲಗಿತ್ತಿಯರಿದ್ದಾರೆ. ಕಲಿತು ಪರೀಕ್ಷೆ ಪಾಸಾದವರು, ಸರ್ಕಾರಿ ವಿಮೆಯಲ್ಲೇ ಮೊದಲ ವಾರ ಮನೆಗೆ ಬಂದು ತಾಯಿ-ಮಗುವನ್ನು ನೋಡಿಕೊಂಡು ಹೋಗುತ್ತಾರೆ. ನನಗೆ ಖುಷಿಯಾಯಿತು. ಸೂಲಗಿತ್ತಿ ಅಂದರೆ ನಮ್ಮವಳೇ ಅಂದುಕೊಂಡೆ.

ನಾನು ಖೋಲಿಯನ್ನು ನನ್ನ ಪ್ರಕಾರ ಸಜ್ಜು ಮಾಡಿಟ್ಟಿದ್ದೆ. ಹೀಟರಿನ ಕಿವಿ ಪೂರ್ತಿ ತಿರುವಿದ್ದೆ. ಕಿಟಕಿಯ ಸಂದಿಗೆ ಟಾವೆಲ್ ತುರುಕಿದ್ದೆ. ಕೂಸಿಗೆ ಎರಡು ಅಂಗಿ, ಕುಲಾಯಿ, ಮೇಲೊಂದು ಉಣ್ಣೆಯ ಟೊಪ್ಪಿಗೆ, ಅದರ ಮೇಲೆ ಕೌದಿ. ಹಿಂದಿನ ದಿನ ಬಾಣಲೆಯಲ್ಲಿ ಅಜವಾನ, ಲೋಬಾನ ಸುಟ್ಟು ಸ್ವಲ್ಪ ಹೊಗೆ ಕೊಟ್ಟಿದ್ದೆ. ಚಾವಣಿಯ ಮೇಲಿನ ಯಂತ್ರ ಕಿರುಚಿಕೊಂಡು, ಕೆಳಗಿನ ಮನೆಯವರು ಓಡಿ ಬಂದು, ಅಳಿಯಂದಿರು ಕ್ಷಮೆ ಕೇಳಿ ಕಳಿಸಿದ್ದರು.

ಸೂಲಗಿತ್ತಿ ಒಳಗೆ ಬಂದವಳೇ ಮೂಗು ಅರಳಿಸಿದಳು. ನೆಟ್ಟಗೆ ಹೋಗಿ ಟಾವೆಲ್ ಎಳೆದು ಎರಡೂ ಕಿಟಕಿಗಳನ್ನು ಪೂರ್ತಿ ತೆರೆದುಬಿಟ್ಟಳು. ಹೊರಗೆ ಮೈನಸ್ 6. ಒಳಗೆ ಐದು ದಿನದ ಕೂಸು.

ನಾನು ಕಿರುಚಿದೆ. ಏನು ಅಂದೆನೋ ನೆನಪಿಲ್ಲ. ಅವಳನ್ನು ದಾಟಿಕೊಂಡು ಹೋಗಿ ಕಿಟಕಿ ಧಡ್ ಎಂದು ಹಾಕಿದೆ. ಆಕೆಗೆ ನನ್ನ ಭಾಷೆ ಗೊತ್ತಿಲ್ಲ, ನನಗೆ ಆಕೆಯದು ಗೊತ್ತಿಲ್ಲ. ಮಗಳು ನಡುವೆ ಕೂತು ತಿರುವಿ ಹೇಳಿದಳು. ಕೂಸು ಮಲಗುವ ಖೋಲಿ 16ರಿಂದ 18 ಡಿಗ್ರಿ ಇದ್ದರೆ ಸಾಕಂತೆ, ನಾನು ಇಟ್ಟದ್ದು 26. ಮಲಗಿದ ಕೂಸಿಗೆ ಕುಲಾಯಿ ಬೇಡವಂತೆ, ಕೂಸು ಮೈಯ ಹೆಚ್ಚಿನ ಕಾವು ಬಿಡುವುದೇ ತಲೆಯಿಂದ, ಹೆಚ್ಚು ಕಾವಾಗುವುದು ಎಳೆಗೂಸಿಗೆ ಅಪಾಯವಂತೆ. ಕೂಸಿಗೆ ಥಂಡಿಯೋ ಸೆಕೆಯೋ ನೋಡಬೇಕಾದರೆ ಕೈಕಾಲು ಮುಟ್ಟಬಾರದು, ಅವು ಯಾವಾಗಲೂ ತಣ್ಣಗೇ ಇರುತ್ತವೆ. ಕುತ್ತಿಗೆಯ ಹಿಂಭಾಗ ಮುಟ್ಟಬೇಕು. ಬೆಚ್ಚಗಿದ್ದರೆ ಸರಿ, ಬೆವರಿದ್ದರೆ ಒಂದು ಬಟ್ಟೆ ತೆಗೆಯಬೇಕು. ದಿನಕ್ಕೆ ಎರಡು ಮೂರು ಸಲ ಕೂಸನ್ನು ಪಕ್ಕದ ಖೋಲಿಗೆ ಒಯ್ದು ಐದು ನಿಮಿಷ ಕಿಟಕಿ ತೆರೆದು ಗಾಳಿ ಬದಲಿಸಬೇಕು. ಹೊಗೆಯಂತೂ ಕೂಡದೇ ಕೂಡದು.

ಅವಳು ಕೂಸಿನ ಕುತ್ತಿಗೆಯ ಹಿಂದೆ ಬೆರಳಿಟ್ಟು, ನನ್ನ ಕೈ ಹಿಡಿದು ಅಲ್ಲಿ ಇಡಿಸಿದಳು. ಬೆವರಿನಿಂದ ತೊಯ್ದಿತ್ತು. ಆದರೂ ನಾನು ಒಪ್ಪಲಿಲ್ಲ.

ಅವಳು ಹೋದ ಮೇಲೆ ಮಗಳು ಸಿಟ್ಟಿಗೆದ್ದಳು. "ಅವ್ವಾ, ಆಕಿ ಕಲತು ಬಂದಾಕಿ. ನಿನ್ನ ಕಾಲದ್ದು ನಿನಗಿರಲಿ. ಇದು ನನ್ನ ಕೂಸು."

"ನಿನ್ನ ಕೂಸು ಖರೆ. ಥಂಡಿ ಹತ್ತಿದ್ರ ಏನ್ ಮಾಡ್ತೀ?"

"ಇಲ್ಲಿ ಎಲ್ಲಾರ ಕೂಸೂ ಇದ ಥಂಡ್ಯಾಗ ಬೆಳೀತಾವು. ನೀ ಯಾಕ ಇಷ್ಟ ಹಟಾ ಹಿಡೀತಿ?"

ಎರಡು ದಿನ ನಾವು ಮಾತಾಡಲಿಲ್ಲ. ನಾನು ರೊಟ್ಟಿ ಬಡಿದೆ, ಸಬ್ಬಸಿಗೆ ಪಲ್ಯ ಮಾಡಿದೆ, ಅಳವಿ ಪಾಯಸ ಮಾಡಿಕೊಟ್ಟೆ. ಅವಳು ಉಂಡಳು. ಕ್ಯಾಲೆಂಡರಿನಲ್ಲಿ ಅಂಕಿ ಬರೆದೆ. ಅಷ್ಟೇ.

ಮೂರನೇ ರಾತ್ರಿ ಕೂಸು ಮಲಗಲಿಲ್ಲ. ಇಬ್ಬರೂ ಎದ್ದು ಕೂತಿದ್ದೆವು. ಆಗ ಅವಳಿಗೆ ಹೇಳಿದೆ.

ಅವಳಿಗಿಂತ ಮೊದಲು ನನಗೊಂದು ಕೂಸು ಆಗಿತ್ತು ಎನ್ನುವುದು ಅವಳಿಗೆ ಗೊತ್ತಿತ್ತು. "ಒಂದು ಹೋತು" ಎಂದಷ್ಟೇ ಮನೆಯಲ್ಲಿ ಅನ್ನುತ್ತಿದ್ದೆವು. ಹೇಗೆ ಹೋಯಿತು ಎನ್ನುವುದನ್ನು ನಾನು ಅವಳಿಗೆ ಹೇಳಿರಲಿಲ್ಲ. 1985ರ ನವೆಂಬರ್. ನನ್ನ ತವರಿನಲ್ಲಿ ಅನಾನುಕೂಲವಿತ್ತು, ಹಾಗಾಗಿ ಮುಂಡರಗಿಯ ಮನೆಯಲ್ಲೇ ಬಾಣಂತನ. ಕತ್ತಲೆಯ ನಡುಖೋಲಿ, ಒಂದೇ ಕಿಟಕಿ, ಅದಕ್ಕೂ ಗೋಣಿಚೀಲ ಹೊಡೆದಿದ್ದರು. ಹೊರಸಿನ ಕೆಳಗೆ ಅಗ್ಗಿಷ್ಟಿಗೆಯಲ್ಲಿ ಕೆಂಡ, ಮೇಲೆ ಕುಳ್ಳಿನ ಚೂರು, ಬೆಳಿಗ್ಗೆ ಸಂಜೆ ಲೋಬಾನದ ಹೊಗೆ. ನಮ್ಮ ಅತ್ತೆಯವರು ಕೆಟ್ಟವರಲ್ಲ. ತಮ್ಮ ಏಳು ಬಾಣಂತನಗಳನ್ನು ಅವರು ಹಾಗೆಯೇ ದಾಟಿದ್ದರು. ಅವರಿಗೆ ಗೊತ್ತಿದ್ದ ಎಲ್ಲ ಜತನವನ್ನೂ ಮಾಡಿದರು.

ಡಿಸೆಂಬರಿನಲ್ಲಿ ಒಂದು ದಿನ ಹೊಗೆಗೆ ನನಗೆ ಉಸಿರು ಕಟ್ಟಿತು. ಅತ್ತೆಯವರು ಸಂತೆಗೆ ಹೋಗಿದ್ದರು. ಕೂಸನ್ನು ಎತ್ತಿಕೊಂಡು ಹಿತ್ತಲಿಗೆ ಬಂದು ಎಳೆಬಿಸಿಲಿನಲ್ಲಿ ಹತ್ತು ನಿಮಿಷ ಕೂತೆ. ಕೂಸು ಮೊದಲ ಸಲ ಕಣ್ಣು ಪೂರ್ತಿ ತೆರೆದು ಬೆಳಕನ್ನು ನೋಡಿತು. ಅದು ಈಗಲೂ ನನ್ನ ಕಣ್ಣಿಗೆ ಕಟ್ಟಿದೆ. ಮೂರು ದಿನಕ್ಕೆ ಕೂಸಿಗೆ ಕೆಮ್ಮು ಹತ್ತಿತು, ಪಕ್ಕೆ ಎಳೆಯತೊಡಗಿತು. ದವಾಖಾನೆಗೆ ಒಯ್ಯುವುದರಲ್ಲಿ ತಡವಾಗಿತ್ತು. ಎದೆಯಲ್ಲಿ ಕಫ ತುಂಬಿದೆ ಎಂದರು. ಮೂವತ್ತೆಂಟನೇ ದಿನಕ್ಕೆ ಹೋಯಿತು.

"ಹಸಿ ಮೈಯಾಕಿ ಕೂಸಿನ್ನ ಹೊರಗ ಒಯ್ದಿದ್ಲಂತ, ಗಾಳಿ ಸೋಕ್ತು" ಎಂದು ಓಣಿಯವರು ಅಂದರು. ಅತ್ತೆಯವರು ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ನನಗೆ ಹೆಚ್ಚು ಹತ್ತಿತು. ನಿನ್ನನ್ನು ಹಡೆದಾಗ ಮೂರು ತಿಂಗಳು ಹೊಸ್ತಿಲು ದಾಟಿಸಲಿಲ್ಲ ಎಂದು ಮಗಳಿಗೆ ಹೇಳಿದೆ. ಕಿಟಕಿಗೆ ಗೋಣಿಚೀಲವನ್ನು ಆ ಸಲ ನಾನೇ ಹೊಡೆದಿದ್ದೆ.

ಮಗಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅದಕ್ಕ ಹೆಸರು ಇಟ್ಟಿದ್ರೇನು?" ಎಂದು ಕೇಳಿದಳು. ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ. ಇಟ್ಟಿದ್ದೆವು, ಹೇಳಿದೆ.

ಮುಂದಿನ ಸಲ ಸೂಲಗಿತ್ತಿ ಬಂದಾಗ ಮಗಳು ನನ್ನ ಕಥೆಯನ್ನು ಆಕೆಗೆ ಹೇಳಿದಳು. ನನ್ನ ಒಪ್ಪಿಗೆ ಕೇಳಿಯೇ ಹೇಳಿದಳು. ಆಕೆ ಕೈಯಲ್ಲಿದ್ದ ಕೂಸನ್ನು ತೊಟ್ಟಿಲಿಗೆ ಹಾಕಿ ನನ್ನ ಪಕ್ಕದಲ್ಲಿ ಬಂದು ಕೂತಳು. ತಮ್ಮ ಹಳ್ಳಿಗಳಲ್ಲೂ ಹಿಂದೆ ಒಲೆಯ ಪಕ್ಕವೇ ಬಾಣಂತಿಯನ್ನು ಮಲಗಿಸುತ್ತಿದ್ದರು ಎಂದಳು. ಹೊಗೆ ತುಂಬಿದ ಖೋಲಿಯಲ್ಲಿ ಎಳೆಗೂಸಿನ ಪುಪ್ಪುಸ ಸೋಲುತ್ತದೆ, ನ್ಯುಮೋನಿಯಾ ಬೇಗ ಹಿಡಿಯುತ್ತದೆ ಎಂದಳು. ನಾನು ಮಗಳ ಮೂಲಕ ಕೇಳಿಸಿದೆ: "ಹಂಗಾದ್ರ ಆ ಹತ್ತು ನಿಮಿಷದ ಬಿಸಲಿಂದ ಆಗಿದ್ದಲ್ಲೇನು?"

ಆಕೆ ಸ್ವಲ್ಪ ಯೋಚಿಸಿ ಹೇಳಿದ್ದನ್ನು ಮಗಳು ಹೀಗೆ ತಿರುವಿದಳು: "ಯಾವುದರಿಂದ ಆತು ಅಂತ ಈಗ ಯಾರಿಗೂ ಹೇಳಾಕ ಆಗೂದಿಲ್ಲಂತ ಅವ್ವಾ. ಆದ್ರ ಹತ್ತು ನಿಮಿಷದ ಬಿಸಲಿಗೆ ಹಂಗ ಆಗಿದ್ದು ತಾನು ಎಲ್ಲೂ ಕಂಡಿಲ್ಲಂತ."

ಅವಳು "ನಿಮ್ಮ ತಪ್ಪಲ್ಲ" ಎಂದು ಒಮ್ಮೆಗೇ ಹೇಳಿಬಿಟ್ಟಿದ್ದರೆ ನಾನು ನಂಬುತ್ತಿರಲಿಲ್ಲವೇನೋ. ಸಮಾಧಾನಕ್ಕೆ ಅಂದಳು ಎಂದುಕೊಳ್ಳುತ್ತಿದ್ದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದದ್ದಕ್ಕೇ ಉಳಿದ ಮಾತಿನ ಮೇಲೆ ನಂಬಿಕೆ ಬಂತು. ಅವತ್ತು ಸಂಜೆ ಕೂಸನ್ನು ಪಕ್ಕದ ಖೋಲಿಗೆ ಕಳಿಸಿ, ನಾನೇ ಹೋಗಿ ಕಿಟಕಿ ತೆರೆದೆ. ಗಡಿಯಾರ ನೋಡುತ್ತ ನಿಂತೆ. ಎರಡು ನಿಮಿಷಕ್ಕೇ ಕೈ ನಡುಗಿತು, ಹಾಕಿಬಿಟ್ಟೆ. ಮರುದಿನ ಮೂರು ನಿಮಿಷ. ವಾರದೊಳಗೆ ಐದಕ್ಕೆ ಬಂದೆ.

ಆ ದಿನಗಳಲ್ಲೇ, ಜನವರಿ 31ಕ್ಕೆ, ನಮ್ಮ ಮಾಗಡಿ ಕೆರೆಗೆ ರಾಮ್ಸರ್ ಪಟ್ಟಿಯಲ್ಲಿ ಜಾಗ ಸಿಕ್ಕ ಸುದ್ದಿ ಬಂತು. ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ ಅದು. ಅವತ್ತು ಕರ್ನಾಟಕದಿಂದ ಅಂಕಸಮುದ್ರ, ಅಘನಾಶಿನಿ ಅಳಿವೆ, ಮಾಗಡಿ ಕೆರೆ ಮೂರೂ ಸೇರಿದವು. ಮಾಗಡಿ ನನ್ನ ತವರು ಶಿರಹಟ್ಟಿಯ ಮಗ್ಗುಲಲ್ಲೇ ಇದೆ, ಲಕ್ಷ್ಮೇಶ್ವರಕ್ಕೂ ದೂರವಲ್ಲ. ಅಪ್ಪನ ಜೊತೆ ಚಕ್ಕಡಿಯಲ್ಲಿ ಹೋಗುವಾಗ ಆ ಕೆರೆಯ ತುಂಬ ಹಕ್ಕಿ ನೋಡಿದವಳು ನಾನು. ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಇರುವ ಹೆಬ್ಬಾತುಗಳು. ನವೆಂಬರಿಗೆ ಬಂದು ಮಾರ್ಚಿಗೆ ಹೋಗುತ್ತವೆ. ಹಗಲು ಕೆರೆಯಲ್ಲಿ ತೇಲಿಕೊಂಡಿದ್ದು, ಮುಂಜಾನೆ ಸಂಜೆ ಸುತ್ತಲಿನ ಹೊಲಗಳಿಗೆ ಮೇಯಲು ಏಳುತ್ತವೆ. ಬೆಳೆ ತಿಂದರೂ ನಮ್ಮವರು ಹೊಡೆಯುವುದಿಲ್ಲ. ಅವು ಬರುವುದು ಲಡಾಖ್, ಟಿಬೆಟ್, ಮಂಗೋಲಿಯಾಗಳ ಎತ್ತರದ ಸರೋವರಗಳಿಂದ. ಲಡಾಖಿನ ತ್ಸೊ ಮೊರಿರಿ ಎಂಬ ಸರೋವರ ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿದೆ. ಅದು ಚಳಿಗಾಲದಲ್ಲಿ ಹೆಪ್ಪುಗಟ್ಟುವ ಹೊತ್ತಿಗೆ ಇವು ಹಿಮಾಲಯವನ್ನೇ ದಾಟಿ ಇಳಿದು ಬರುತ್ತವೆ. ಏಳು ಸಾವಿರ ಮೀಟರಿಗಿಂತ ಮೇಲೆ ಹಾರಿದ್ದನ್ನು ವಿಜ್ಞಾನಿಗಳು ಯಂತ್ರ ಕಟ್ಟಿ ಅಳೆದಿದ್ದಾರೆ.

ಹನ್ನೆರಡು ದಿನದ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಈ ಸುದ್ದಿ ಓದಿದೆ. ಮಗಳು ನಕ್ಕಳು. "ಥಂಡ್ಯಾಗಿನ ಕೆರಿ ಬಿಟ್ಟು ಅವು ನಮ್ಮೂರಿಗೆ ಹೋದುವು, ನೀ ನಮ್ಮೂರ ಕೆರಿ ಬಿಟ್ಟು ಥಂಡಿಗೆ ಬಂದಿ." ಜಗಳದ ನಂತರ ಅವಳು ನಕ್ಕದ್ದು ಅದೇ ಮೊದಲು.

ಫೆಬ್ರವರಿಯಲ್ಲಿ ಹವೆ ದಿಢೀರನೆ ಬದಲಾಯಿತು. ಇಷ್ಟು ಬೆಚ್ಚಗಿನ ಫೆಬ್ರವರಿ ಆಸ್ಟ್ರಿಯಾದ ದಾಖಲೆಯಲ್ಲೇ ಇಲ್ಲ ಎಂದು ಆಮೇಲೆ ಸುದ್ದಿಯಲ್ಲಿ ಬಂತು. ಒಂದು ದಿನ ಬೆಳಿಗ್ಗೆ 1 ಇದ್ದದ್ದು ಮಧ್ಯಾಹ್ನಕ್ಕೆ 12 ಆಯಿತು. ಅದು ಫೋನ್ ಎಂಬ ಗಾಳಿ. ಪರ್ವತದ ಆಚೆ ಮಳೆ, ಹಿಮ ಸುರಿಸಿ ಒಣಗಿ, ಈಚೆ ಇಳಿಯುವಾಗ ನೂರು ಮೀಟರಿಗೆ ಒಂದು ಡಿಗ್ರಿಯಂತೆ ಬಿಸಿಯಾಗುತ್ತ ಬರುತ್ತದೆ. ಆ ಗಾಳಿ ಬಂದರೆ ತಲೆನೋವು ಎಂದು ಊರವರು ಗೊಣಗುತ್ತಾರೆ. ಗಾಳಿಗೆ ಹೆದರುವ ಜನ ಅಲ್ಲೂ ಇದ್ದಾರಲ್ಲ ಎಂದು ನನಗೆ ಒಳಗೊಳಗೇ ಸಮಾಧಾನ. ಗಾಳಿ ಅಂದರೆ ನಮ್ಮದು ಗಾಳಿ! ಆಷಾಢದಲ್ಲಿ ಗದಗಿನ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಗರಗರ ತಿರುಗುವಾಗ, ಒಣಹಾಕಿದ ಸೀರೆ ಮುಂದಿನ ಓಣಿಯಲ್ಲಿ ಸಿಗುತ್ತದೆ.

ಕೂಸಿಗೆ ತಿಂಗಳು ತುಂಬುವ ಹೊತ್ತಿಗೆ ಅದನ್ನು ಗಾಡಿಯಲ್ಲಿ ಹಾಕಿಕೊಂಡು ನಾನೇ ಸರೋವರದ ದಂಡೆಗೆ ಹೊರಟೆ. ಮೈನಸ್ ಹತ್ತಕ್ಕಿಂತ ಕೆಳಗಿದ್ದರೆ ಹೊರಗೆ ಬೇಡ, ಮೇಲಿದ್ದರೆ ಚೆನ್ನಾಗಿ ಹೊದಿಸಿ ಸ್ವಲ್ಪ ಹೊತ್ತು ಒಯ್ಯಿರಿ ಎಂದು ಸೂಲಗಿತ್ತಿ ಹೇಳಿದ್ದಳು. ಅವತ್ತು ಸೊನ್ನೆಗಿಂತ ಎರಡು ಕೆಳಗೆ. ಬೀಗತಿಯವರ ಕುಲಾಯಿ ಹಾಕಿದ್ದೆ, ಹೊರಗೆ ಅದಕ್ಕೆ ಪರವಾನಗಿ ಇತ್ತು! ನೀರಿನ ಅಂಚಿಗೆ ಗಾಜಿನ ಹಾಗೆ ಮಂಜುಗಡ್ಡೆ. ಅದರ ಆಚೆ ಬಾತುಕೋಳಿಗಳು ಆರಾಮಾಗಿ ಈಜುತ್ತಿದ್ದವು. ನೀರು ಅತಿ ಭಾರವಾಗುವುದು 4 ಡಿಗ್ರಿಯಲ್ಲಿ. ಹಾಗಾಗಿ ಅಷ್ಟು ತಣಿದ ನೀರು ತಳಕ್ಕಿಳಿದು ಅಲ್ಲೇ ಉಳಿಯುತ್ತದೆ, ಇನ್ನೂ ತಣ್ಣಗಾದದ್ದು ಮೇಲೆ ನಿಂತು ಗಡ್ಡೆ ಕಟ್ಟುತ್ತದೆ. ಕೆಳಗೆ ಮೀನು ಬದುಕಿರುತ್ತವೆ. ಇದನ್ನೂ ಶಾಲೆಯಲ್ಲಿ ಹೇಳಿಕೊಟ್ಟಿದ್ದೆ. ಗಾಡಿ ನಿಲ್ಲಿಸಿ ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಕೂಸಿನ ಕುತ್ತಿಗೆಯ ಹಿಂದೆ ಬೆರಳಿಟ್ಟೆ. ಬೆಚ್ಚಗಿತ್ತು. ಅದು ಕಣ್ಣು ಪೂರ್ತಿ ತೆರೆದು ಬೆಳಕು ನೋಡುತ್ತಿತ್ತು. ಅಲ್ಲಿದ್ದ ಬೆಂಚಿನ ಮೇಲೆ ಕೂತು ಅತ್ತೆ. ಅಲ್ಲಿ ನನ್ನ ಗುರುತಿನವರು ಯಾರೂ ಇರಲಿಲ್ಲ, ಅದು ಒಳ್ಳೆಯದಾಯಿತು.

ಶಿವರಾತ್ರಿಗೆ ಥಂಡಿ ಶಿವ ಶಿವಾ ಅಂತ ಹೋಗತೈತಿ ಅನ್ನುತ್ತೇವಲ್ಲ, ಆ ವರ್ಷ ಮಾರ್ಚ್ 8ಕ್ಕೆ ಶಿವರಾತ್ರಿ. ಅಲ್ಲಿ ರಾತ್ರಿ ಇನ್ನೂ ಸೊನ್ನೆಯ ಸುತ್ತಲೇ ಇತ್ತು. ಕ್ಯಾಲೆಂಡರಿನ ಕೆಳಗಿನ ಅಂಕಿ ಮಾತ್ರ 35 ದಾಟಿತ್ತು. ಯುಗಾದಿಗೆ ಎರಡು ದಿನ ಮೊದಲು ಅಲ್ಲೂ ಏಕಾಏಕಿ ಬೇಸಿಗೆ ಬಂದ ಹಾಗೆ ಸೆಕೆ. ಬೇವು ಸಿಗದೆ ಬೆಲ್ಲವನ್ನಷ್ಟೇ ತಿಂದು ಹಬ್ಬ ಮಾಡಿ, ಏಪ್ರಿಲ್ 12ಕ್ಕೆ, ಸರಿಯಾಗಿ ತೊಂಬತ್ತನೇ ದಿನ, ಹೊರಟೆ. ನಾನು ಬೆಟಗೇರಿ ಮುಟ್ಟಿದ ಮುಂದಿನ ವಾರ ಮಗಳು ಚಿತ್ರ ಕಳಿಸಿದಳು: ಹೂ ಬಿಟ್ಟ ಗಿಡದ ಮೇಲೆ ಮತ್ತೆ ಹಿಮ.

ಇಲ್ಲಿ ಬಂದು ನೋಡಿದರೆ ಬೆಂಕಿ. ಆ ಮೇ ತಿಂಗಳಲ್ಲಿ ನಮ್ಮ ವರಾಂಡದ ಉಷ್ಣಮಾಪಕ 40 ದಾಟಿತು. ನಾವು ಹತ್ತು ಗಂಟೆಗೇ ಕಿಟಕಿ ಹಾಕಿ, ಒದ್ದೆ ಬಟ್ಟೆ ಇಳಿಬಿಟ್ಟು, ಸಂಜೆ ತಂಪಾದ ಮೇಲೆ ಎಲ್ಲ ತೆರೆಯುತ್ತಿದ್ದೆವು. ಯಾವ ಹೊತ್ತಿಗೆ ತೆರೆಯಬೇಕು, ಯಾವ ಹೊತ್ತಿಗೆ ಹಾಕಬೇಕು ಎನ್ನುವುದು ನಮಗೂ ಗೊತ್ತಿದ್ದ ವಿದ್ಯೆಯೇ. ಬಾಣಂತಿಯ ಖೋಲಿಯ ಹತ್ತಿರ ಬಂದಾಗ ಮಾತ್ರ ಅದನ್ನು ಹೊಸ್ತಿಲ ಆಚೆ ಬಿಟ್ಟು ಒಳಗೆ ಹೋಗುತ್ತಿದ್ದೆವು.

ಆ ವರ್ಷದ ಡಿಸೆಂಬರಿನಲ್ಲಿ ನಮ್ಮ ಓಣಿಯಲ್ಲಿ ಒಂದು ಬಾಣಂತನವಾಯಿತು. ಚೊಚ್ಚಲು. ಕೂಸು ನೋಡಲು ಹೋದೆ. ಬಾಗಿಲು ತೆಗೆದರೆ ಹೊಗೆ, ಕಣ್ಣು ಉರಿಯಿತು. ಹೊರಸಿನ ಕೆಳಗೆ ಅಗ್ಗಿಷ್ಟಿಗೆ. ಹುಡುಗಿ ಗೋಡೆಗೆ ಒರಗಿ ಸಣ್ಣಗೆ ಕೆಮ್ಮುತ್ತಿದ್ದಳು. ಅವಳ ಅಜ್ಜಿ ಬಾಗಿಲಲ್ಲೇ ಕೂತು ಕಾವಲು ಕಾಯುತ್ತಿದ್ದಳು.

ಬೇರೆಯವರ ಮನೆ, ಬೇರೆಯವರ ಕೂಸು. ಸುಮ್ಮನೆ ಬಂದುಬಿಡಬಹುದಿತ್ತು. ಆದರೆ ಅಜ್ಜಿಯ ಪಕ್ಕದಲ್ಲಿ ಕೂತೆ. ಆಸ್ಟ್ರಿಯಾದ ಸುದ್ದಿ ಎತ್ತಲಿಲ್ಲ. ಫಾರಿನ್ನಿಗೆ ಹೋಗಿ ಬಂದು ಬುದ್ಧಿ ಹೇಳುತ್ತಾಳೆ ಅಂದಾರು. ಮುಂಡರಗಿಯ ನಡುಖೋಲಿಯ ಸುದ್ದಿ ಹೇಳಿದೆ. ಮೂವತ್ತೆಂಟು ದಿನದ ಸುದ್ದಿ. "ಬೆಚ್ಚಗಿರಬೇಕು ಖರೆ ಯವ್ವಾ. ಕೌದಿ ಹೊಚ್ರಿ, ಬಿಸಿನೀರು ಹಾಕ್ರಿ, ಬೇಕಾದ್ರ ಕೆಂಡಾ ಅಂಗಳದಾಗ ಇಟ್ಟು ಅರಬಿ ಕಾಸಿಕೊಂಡು ಬರ್ರಿ. ಹೊಗಿ ಮಾತ್ರ ಒಳಗ ಬ್ಯಾಡ" ಎಂದೆ.

ಅಜ್ಜಿ ನನ್ನ ಮುಖವನ್ನೇ ನೋಡಿದಳು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ, "ನನ್ನವೂ ಎರಡು ಹೋದುವು" ಎಂದಳು. ಆಮೇಲೆ ಸೆರಗಿನಿಂದ ಹಿಡಿಕೆ ಹಿಡಿದು ಅಗ್ಗಿಷ್ಟಿಗೆಯನ್ನು ತಾನೇ ಎತ್ತಿಕೊಂಡು ಅಂಗಳಕ್ಕೆ ನಡೆದಳು.

ಅವತ್ತು ರಾತ್ರಿ ಫೋನು ಬಂತು. "ಅವ್ವಾ, ಇವತ್ತ ಎಷ್ಟೈತಿ ಥಂಡಿ?"

"ಹದಿನೈದು. ಗುಡ್ಡದ ಕಡಿಂದ ಗಾಳಿ ಬರಾಕತ್ತೈತಿ. ನಿಮ್ಮಲ್ಲೆ?"

"ಮೈನಸ್ ಏಳು. ಕೂಸು ಕಿಡಕ್ಯಾಗ ನಿಂತು ಹಿಮ ನೋಡಾಕತ್ತಾನ, ಮಾತಾಡ್ತೀ ಏನು?"

ಕೊಡು ಎಂದೆ.